ಕೈಗೆ ಬಂದ ಕ್ಲೋರೈಡ್ ಎಲ್ಲಿ ಹಾರಿಹೋಯಿತು?

ಪ್ರಶ್ನೆ: ನಾನು ಕಲಬುರಗಿ ಕಡೆಯ ಒಂದು ಪದವಿ ಕಾಲೇಜಿನಲ್ಲಿ ಮೂರು ವರ್ಷಗಳಿಂದ ರಸಾಯನಶಾಸ್ತ್ರ ಕಲಿಸುತ್ತಿದ್ದೇನೆ. ಆಲ್ಕೊಹಾಲ್‌ನಿಂದ ಆಲ್ಕೈಲ್ ಹ್ಯಾಲೈಡ್ ತಯಾರಿಸುವುದಕ್ಕೆ ಮಾದರಿಯಾಗಿ ಬಿ.ಎಸ್ಸಿ. ವಿದ್ಯಾರ್ಥಿಗಳಿಂದ ಟರ್ಷರಿ ಬ್ಯುಟೈಲ್ ಕ್ಲೋರೈಡ್ ಮಾಡಿಸುತ್ತೇನೆ. 10 ಗ್ರಾಂ ಟರ್ಷರಿ ಬ್ಯುಟೈಲ್ ಆಲ್ಕೊಹಾಲ್, 35 ಮಿ.ಲೀ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲ, 20 ನಿಮಿಷ ಕುಲುಕುವುದು, ಬೈಕಾರ್ಬೊನೇಟ್‌ನಿಂದ ತೊಳೆಯುವುದು, ಒಣಗಿಸಿ ಬಟ್ಟಿ ಇಳಿಸುವುದು. ಡಿಸೆಂಬರ್‌ನಲ್ಲಿ ಆಲ್ಕೊಹಾಲ್ ಬಾಟಲಿಯೊಳಗೇ ಗಟ್ಟಿಯಾಗಿತ್ತು. ಕೆಟ್ಟಿರಬಹುದೆಂದು ಹೆದರುತ್ತಲೇ ಬಳಸಿದೆವು, 9 ಗ್ರಾಂ ಕ್ಲೋರೈಡ್ ಸಿಕ್ಕಿತು. ಏಪ್ರಿಲ್‌ನಲ್ಲಿ ಆಲ್ಕೊಹಾಲ್ ನೀರಿನಂತೆ ತಿಳಿಯಾಗಿತ್ತು, ವಿಧಾನವೂ ಅದೇ. ಆದರೆ ಸಿಕ್ಕಿದ್ದು 4.8 ಗ್ರಾಂ ಮಾತ್ರ. ಸಾಲದ್ದಕ್ಕೆ, ತೊಳೆಯುವಾಗ ಒಬ್ಬ ವಿದ್ಯಾರ್ಥಿನಿಯ ಕೈಯಲ್ಲಿದ್ದ, ಪದರಗಳನ್ನು ಬೇರ್ಪಡಿಸುವ, ಕೆಳಗೆ ನಲ್ಲಿಯಿರುವ ಸೆಪರೇಟಿಂಗ್ ಫನಲ್‌ನ ಬಿರಡೆ ಹಾರಿ ದ್ರವ ಆಕೆಯ ಸುರಕ್ಷತಾ ಕನ್ನಡಕಕ್ಕೆ ಸಿಡಿಯಿತು. ಕಣ್ಣಿಗೆ ಏನೂ ಆಗಲಿಲ್ಲ. ಬೈಕಾರ್ಬೊನೇಟ್ ಬದಲು ಸೋಡಿಯಂ ಹೈಡ್ರಾಕ್ಸೈಡ್ ಬಳಸಿದರೆ ಅನಿಲವೇ ಬರುವುದಿಲ್ಲ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಸೇರಿಸಿದರೆ ಇಳುವರಿ ಹೆಚ್ಚುವುದಿಲ್ಲವೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಈ ಪ್ರಯೋಗವನ್ನೇ ಕೈಬಿಡೋಣ ಎನ್ನುವುದು ಪ್ರಾಂಶುಪಾಲರ ಮಾತು. ನಾನು ಏನು ಮಾಡಲಿ? ನಾರ್ಮಲ್ ಬ್ಯುಟೈಲ್ ಬ್ರೋಮೈಡ್ ಅಥವಾ ಥಯೊನೈಲ್ ಕ್ಲೋರೈಡ್ ವಿಧಾನಕ್ಕೆ ಬದಲಾಯಿಸಲೇ?

ಉತ್ತರ: ಆ ಹುಡುಗಿ ಕನ್ನಡಕ ಹಾಕಿಕೊಂಡಿದ್ದಳು ಎಂಬ ಸಾಲನ್ನು ಓದಿ ಸಮಾಧಾನವಾಯಿತು. ನಿಮ್ಮ ಲ್ಯಾಬಿನ ಶಿಸ್ತಿಗೆ ಅದೊಂದೇ ಸಾಕ್ಷಿ ಸಾಕು. ಮುಂದೆ ಎಂದಾದರೂ ಕಣ್ಣಿಗೇ ಸಿಡಿದರೆ ಬೇರೆ ಯೋಚನೆ ಬೇಡ. ತಕ್ಷಣ ನಲ್ಲಿಯ ಹರಿಯುವ ನೀರಿಗೆ ಕಣ್ಣೊಡ್ಡಿಸಿ ಕನಿಷ್ಠ 15 ನಿಮಿಷ ತೊಳೆಯಿಸಿ, ಆಮೇಲೆ ವೈದ್ಯರ ಬಳಿಗೆ ಕರೆದೊಯ್ಯಿರಿ.

ನಿಮ್ಮ ಪತ್ರದಲ್ಲಿ ಎರಡು ದೂರುಗಳಿವೆ, ಒಂದು ಇಳುವರಿಯದು, ಇನ್ನೊಂದು ಬಿರಡೆಯದು. ಎರಡಕ್ಕೂ ಕಾರಣ ರಾಸಾಯನಿಕ ಕ್ರಿಯೆ ಸರಿಯಾಗಿ ನಡೆಯದಿರುವುದು ಎಂದು ನೀವು ಭಾವಿಸಿದಂತಿದೆ. ನನಗೆ ಹಾಗೆ ಅನ್ನಿಸುವುದಿಲ್ಲ. ಈ ಕ್ರಿಯೆ ಬಹಳ ಸಲೀಸಾದದ್ದು, ಕೋಣೆಯ ಉಷ್ಣತೆಯಲ್ಲಿ ತಾನಾಗಿಯೇ ಮುಗಿಯುತ್ತದೆ. ಕ್ಲೋರೈಡ್ ತಯಾರಾಗಿದೆ. ತಯಾರಾದ ಮೇಲೆ ಅದು ನಿಮ್ಮ ಕೈಯಿಂದ ಹಾರಿಹೋಗಿದೆ.

ಮೊದಲು ಗಟ್ಟಿಯಾದ ಬಾಟಲಿಯ ವಿಷಯ. ಟರ್ಷರಿ ಬ್ಯುಟೈಲ್ ಆಲ್ಕೊಹಾಲ್ ಕರಗುವುದು ಸುಮಾರು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಿಮ್ಮ ಊರಿನಲ್ಲಿ ಡಿಸೆಂಬರ್ ಬೆಳಗ್ಗೆ ಅದು ಕೊಬ್ಬರಿ ಎಣ್ಣೆಯಂತೆ ಹೆಪ್ಪುಗಟ್ಟುವುದು ಸಹಜ. ಅದರಲ್ಲೂ ಒಂದು ಸೂಕ್ಷ್ಮವಿದೆ. ಸ್ವಲ್ಪ ನೀರು ಸೇರಿದರೂ ಅದರ ಕರಗುವ ಉಷ್ಣತೆ ಗಣನೀಯವಾಗಿ ಇಳಿಯುತ್ತದೆ. ಆದ್ದರಿಂದ ಚಳಿಗೆ ಗಟ್ಟಿಯಾದ ಆಲ್ಕೊಹಾಲ್ ಶುದ್ಧವಾಗಿದೆ ಎಂದೇ ಅರ್ಥ. 18 ಡಿಗ್ರಿಯಲ್ಲೂ ಗಟ್ಟಿಯಾಗದ ಬಾಟಲಿಯನ್ನು ಕಂಡರೆ ನಾನು ಅನುಮಾನಪಡುತ್ತೇನೆ. ಮುಚ್ಚಳ ಸಡಿಲಿಸಿ ಉಗುರುಬೆಚ್ಚಗಿನ ನೀರಿನಲ್ಲಿ ನಿಲ್ಲಿಸಿದರೆ ಕರಗುತ್ತದೆ, ಉರಿಯ ಹತ್ತಿರ ಒಯ್ಯಬೇಡಿ. ಅಳತೆಯ ಸಿಲಿಂಡರಿನಲ್ಲಿ ಅಳೆದರೆ ಅಲ್ಲೇ ಅಂಟಿಕೊಂಡು ಉಳಿಯುತ್ತದೆ, ಹಾಗಾಗಿ ನೇರವಾಗಿ ತೂಗುವುದು ವಾಸಿ.

ಈಗ ಇಳುವರಿಯ ಲೆಕ್ಕ. 10 ಗ್ರಾಂ ಆಲ್ಕೊಹಾಲ್ ಎಂದರೆ 0.135 ಮೋಲ್. ಒಂದು ಹನಿಯೂ ನಷ್ಟವಾಗದಿದ್ದರೆ 12.5 ಗ್ರಾಂ ಕ್ಲೋರೈಡ್ ಬರಬೇಕು. ಡಿಸೆಂಬರ್‌ನ ನಿಮ್ಮ 9 ಗ್ರಾಂ ಶೇ. 72 ಆಯಿತು, ವಿದ್ಯಾರ್ಥಿಗಳ ಕೈಗೆ ಅದು ಒಳ್ಳೆಯ ಫಲ. ಏಪ್ರಿಲ್‌ನದು ಶೇ. 38. ಈ ಕ್ಲೋರೈಡ್ ಕುದಿಯುವುದು 51 ಡಿಗ್ರಿಯಲ್ಲಿ. ಏಪ್ರಿಲ್‌ನಲ್ಲಿ ಕಲಬುರಗಿ ಕಡೆ ಹೊರಗೆ 40 ಡಿಗ್ರಿ ಇರುತ್ತದೆ, ಲ್ಯಾಬಿನ ಒಳಗೆ 35ಕ್ಕೆ ಕಡಿಮೆ ಇರಲಾರದು. ಕುದಿಯುವ ಬಿಂದುವಿಗೆ ಹದಿನೈದು ಡಿಗ್ರಿ ಹತ್ತಿರವಿರುವ ದ್ರವವನ್ನು ಫ್ಯಾನಿನ ಕೆಳಗೆ ತೆರೆದಿಟ್ಟರೆ ಏನಾಗುತ್ತದೆ ಎಂಬುದನ್ನು ನಾನೊಮ್ಮೆ ತರಗತಿಯಲ್ಲೇ ತೋರಿಸಿದ್ದೆ. ಪುಟ್ಟ ಬೀಕರಿನಲ್ಲಿ ಎರಡು ಚಮಚದಷ್ಟು ಕ್ಲೋರೈಡ್ ಹಾಕಿ ಡಿಜಿಟಲ್ ತಕ್ಕಡಿಯ ಮೇಲೆ ಇಟ್ಟೆ. ಕೊನೆಯ ಅಂಕಿ ಒಂದು ಕ್ಷಣವೂ ನಿಲ್ಲಲಿಲ್ಲ, ಇಳಿಯುತ್ತಲೇ ಹೋಯಿತು. ಬೀಕರಿನ ಹೊರಮೈ ತಣ್ಣಗಾಗಿ ಹನಿಗಟ್ಟಿತು. ಮುಂದಿನ ಬೆಂಚಿನ ಹುಡುಗರು ಅಂಕಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಅಂದಿನಿಂದ ಆ ತಂಡದವರು ಯಾರೂ ಫ್ಲಾಸ್ಕಿಗೆ ಬಿರಡೆ ಹಾಕುವುದನ್ನು ಮರೆಯಲಿಲ್ಲ.

ನಿಮ್ಮ ಲ್ಯಾಬಿನಲ್ಲಿ ಅದು ಎಲ್ಲೆಲ್ಲಿ ಹೋಗುತ್ತಿದೆ ಎಂದು ಊಹಿಸುತ್ತಾ ಕೂರಬೇಡಿ, ತೂಗಿ ನೋಡಿ. ತೊಳೆದ ಮೇಲೆ ಒಂದು ಸಲ, ಒಣಗಿಸಿದ ಮೇಲೆ ಒಂದು ಸಲ, ಬಟ್ಟಿ ಇಳಿಸಿದ ಮೇಲೆ ಒಂದು ಸಲ. ಪ್ರತಿ ಸಲವೂ ಮೊದಲೇ ತೂಗಿಟ್ಟ, ಬಿರಡೆಯಿರುವ ಫ್ಲಾಸ್ಕಿನಲ್ಲೇ ತೂಗಬೇಕು. ನೀರಿನ ಅಂಶ ಇರುವುದರಿಂದ ಮೊದಲ ತೂಕ ಸ್ವಲ್ಪ ಹೆಚ್ಚು ತೋರಬಹುದು, ಅದು ಇರಲಿ. ಮೊದಲ ತೂಕವೇ 7 ಗ್ರಾಂ ಬಂದರೆ ತಪ್ಪು ಕುಲುಕುವ ಹಂತದಲ್ಲಿದೆ, ಅಥವಾ ಆಮ್ಲದಲ್ಲಿದೆ. 11 ಗ್ರಾಂ ಇದ್ದದ್ದು ಕೊನೆಗೆ 5 ಆದರೆ ತಪ್ಪು ಆವಿಯನ್ನು ತಣಿಸುವ ಕಂಡೆನ್ಸರಿನಲ್ಲಿದೆ.

ಆಮ್ಲದ ಮೇಲೂ ಒಂದು ಕಣ್ಣಿಡಿ. ಸಾಂದ್ರ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಹೈಡ್ರೋಜನ್ ಕ್ಲೋರೈಡ್ ಅನಿಲ ಶೇ. 36ರ ಸುಮಾರು ಇರಬೇಕು, ಅಂದರೆ ಲೀಟರಿಗೆ 12 ಮೋಲ್. ಬೇಸಿಗೆಯಲ್ಲಿ ಪದೇ ಪದೇ ತೆರೆದ ಬಾಟಲಿಯಿಂದ ಆ ಅನಿಲ ಹೊಗೆಯಾಗಿ ಹೋಗುತ್ತಿರುತ್ತದೆ. ಅಗ್ಗದ ಕೈಗಾರಿಕಾ ದರ್ಜೆಯ ಹಳದಿ ಆಮ್ಲವಂತೂ ಮೊದಲಿನಿಂದಲೇ ದುರ್ಬಲ. ಒಂದು ಮಿ.ಲೀ. ಆಮ್ಲವನ್ನು ನೀರಿಗೆ ಸೇರಿಸಿ, 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನೊಂದಿಗೆ ಟೈಟ್ರೇಷನ್ ಮಾಡಿ. ಬ್ಯುರೆಟ್ 12 ಮಿ.ಲೀ. ಹತ್ತಿರ ತೋರಿಸಿದರೆ ಸರಿ, 10ಕ್ಕಿಂತ ಕೆಳಗಿದ್ದರೆ ಹೊಸ ಬಾಟಲಿ ತೆಗೆಯಿರಿ. ಇದು ನಿಮ್ಮ ವಿದ್ಯಾರ್ಥಿಗಳು ಹತ್ತು ನಿಮಿಷದಲ್ಲಿ ಮಾಡಬಲ್ಲ ಪರೀಕ್ಷೆ.

ಸಲ್ಫ್ಯೂರಿಕ್ ಆಮ್ಲದ ಪ್ರಶ್ನೆಗೆ ಬರುತ್ತೇನೆ. ಅದನ್ನು ಕೇಳಿದ ವಿದ್ಯಾರ್ಥಿ ಯೋಚಿಸುವವನು, ಅವನಿಗೆ ಪೂರ್ತಿ ಉತ್ತರ ಸಲ್ಲಬೇಕು. ಆಲ್ಕೊಹಾಲ್‌ನ ಹೈಡ್ರಾಕ್ಸಿಲ್ ಗುಂಪು ತಾನಾಗಿ ಇಂಗಾಲವನ್ನು ಬಿಟ್ಟು ಹೋಗುವಂಥದ್ದಲ್ಲ. ಅಡುಗೆ ಉಪ್ಪಿನ ದ್ರಾವಣದಲ್ಲಿ ಆಲ್ಕೊಹಾಲನ್ನು ವರ್ಷಗಟ್ಟಲೆ ಇಟ್ಟರೂ ಕ್ಲೋರೈಡ್ ಆಗುವುದಿಲ್ಲ, ಕ್ಲೋರೈಡ್ ಅಯಾನು ಅಲ್ಲಿ ಬೇಕಾದಷ್ಟಿದ್ದರೂ ಸಹ. ಆಮ್ಲದ ಪ್ರೋಟಾನ್ ಬಂದು ಆಮ್ಲಜನಕಕ್ಕೆ ಅಂಟಿಕೊಂಡಾಗ ಆ ಗುಂಪು ನೀರಾಗುತ್ತದೆ, ನೀರು ಸುಲಭವಾಗಿ ಕಳಚಿಕೊಳ್ಳುತ್ತದೆ. ಟರ್ಷರಿ ಇಂಗಾಲದ ಸುತ್ತ ಮೂರು ಮೀಥೈಲ್ ಗುಂಪುಗಳಿದ್ದು, ನೀರು ಹೋದ ಮೇಲೆ ಉಳಿಯುವ ಧನ ಆವೇಶವನ್ನು ಅವು ಹಂಚಿಕೊಂಡು ಹೊರುತ್ತವೆ. ಇಂಗಾಲದ ಮೇಲೆ ಧನ ಆವೇಶವಿರುವ ಆ ಕಾರ್ಬೋಕ್ಯಾಟಯಾನ್ ಹುಟ್ಟಿದ ಕೂಡಲೇ ಪಕ್ಕದಲ್ಲಿರುವ ಕ್ಲೋರೈಡ್ ಅಯಾನು ಅದನ್ನು ಹಿಡಿಯುತ್ತದೆ. ಹೀಗೆ ಆದ ಟರ್ಷರಿ ಬ್ಯುಟೈಲ್ ಕ್ಲೋರೈಡ್ ನೀರಿನಲ್ಲಿ ಕರಗದೆ ಬೇರೆ ಪದರವಾಗಿ ಮೇಲೇಳುವುದರಿಂದ ಕ್ರಿಯೆ ಹಿಂದಕ್ಕೆ ತಿರುಗುವ ಅವಕಾಶವೂ ಕಡಿಮೆ. ಫನಲ್‌ನ ಗಾಜಿನಾಚೆಗೆ ಇದನ್ನೇ ನೋಡುತ್ತೀರಿ: ಬೆರೆಸಿದಾಗ ತಿಳಿಯಾಗಿದ್ದ ದ್ರವ ಒಂದೆರಡು ನಿಮಿಷದಲ್ಲಿ ಗಂಜಿಯಂತೆ ಮಸುಕಾಗುತ್ತದೆ, ಆಮೇಲೆ ಮೇಲ್ಭಾಗದಲ್ಲಿ ತೆಳ್ಳಗಿನ ಎಣ್ಣೆಯ ಗೆರೆ ಮೂಡಿ ದಪ್ಪವಾಗುತ್ತಾ ಬರುತ್ತದೆ. 1930ರಲ್ಲಿ ಹೋವರ್ಡ್ ಲ್ಯೂಕಸ್ ಆಲ್ಕೊಹಾಲ್ ಯಾವ ಬಗೆಯದೆಂದು ಗುರುತಿಸುವ ತನ್ನ ಪರೀಕ್ಷೆಯನ್ನು ಕಟ್ಟಿದ್ದು ಈ ಮಸುಕಿನ ಮೇಲೆಯೇ.

ಇಲ್ಲಿಗೆ ಸಲ್ಫ್ಯೂರಿಕ್ ಆಮ್ಲ ಸೇರಿಸಿದರೆ ಪ್ರೋಟಾನ್ ಕೊರತೆ ನೀಗಿದಂತಾಯಿತೇ? ಪ್ರೋಟಾನ್ ಕೊರತೆ ಮೊದಲೇ ಇರಲಿಲ್ಲ. ಆ ಆಮ್ಲ ನೀರನ್ನು ಹೀರಿಕೊಳ್ಳುವಂಥದ್ದು, ಬೆರೆಸಿದಾಗ ವಿಪರೀತ ಬಿಸಿಯೇರಿಸುವಂಥದ್ದು. ಬಿಸಿಯಲ್ಲಿ ಕಾರ್ಬೋಕ್ಯಾಟಯಾನ್ ಕ್ಲೋರೈಡನ್ನು (ಅಯಾನನ್ನು) ಹಿಡಿಯುವ ಬದಲು ಒಂದು ಪ್ರೋಟಾನನ್ನು ಕಳೆದುಕೊಂಡು ಐಸೊಬ್ಯುಟಿಲೀನ್ ಆಗುತ್ತದೆ. ಅದು ಸೊನ್ನೆಗಿಂತ ಏಳು ಡಿಗ್ರಿ ಕೆಳಗೇ ಕುದಿಯುವ, ಹೊತ್ತಿಕೊಳ್ಳುವ ಅನಿಲ. ಇಳುವರಿ ಹೆಚ್ಚುವುದಿರಲಿ, ಮುಚ್ಚಿದ ಫನಲ್‌ನೊಳಗೆ ಒತ್ತಡ ಹೆಚ್ಚುತ್ತದೆ. ಹೀಗಾಗಿ ಬೇಡ.

ನಿಮ್ಮ ಹಿರಿಯ ಸಹೋದ್ಯೋಗಿಯ ಸಲಹೆಯೂ ಇದೇ ಕಾರಣಕ್ಕೆ ಸಲ್ಲದು. ಸೋಡಿಯಂ ಹೈಡ್ರಾಕ್ಸೈಡ್‌ನಿಂದ ಇಂಗಾಲದ ಡೈಆಕ್ಸೈಡ್ ಬರುವುದಿಲ್ಲ ಎಂಬುದು ನಿಜ. ಆದರೆ ಪ್ರಬಲ ಕ್ಷಾರಕ್ಕೆ ಟರ್ಷರಿ ಕ್ಲೋರೈಡ್ ಸಿಕ್ಕರೆ ಅದರಿಂದ ಹೈಡ್ರೋಜನ್ ಕ್ಲೋರೈಡನ್ನು ಕಿತ್ತು ಮತ್ತೆ ಐಸೊಬ್ಯುಟಿಲೀನ್ ಮಾಡುತ್ತದೆ, ಉಳಿದದ್ದು ಮರಳಿ ಆಲ್ಕೊಹಾಲ್ ಆಗುತ್ತದೆ. ಪ್ರೈಮರಿ ಹ್ಯಾಲೈಡ್‌ಗಳನ್ನು (ಹ್ಯಾಲೋಜನ್ ಹೊತ್ತ ಇಂಗಾಲಕ್ಕೆ ಇನ್ನೊಂದೇ ಇಂಗಾಲ ಅಂಟಿರುವವು) ತೆಳುವಾದ ಕ್ಷಾರ ದ್ರಾವಣದಿಂದ ತೊಳೆದು ಅಭ್ಯಾಸವಿರುವವರಿಗೆ ಈ ವ್ಯತ್ಯಾಸ ಥಟ್ಟನೆ ಹೊಳೆಯುವುದಿಲ್ಲ. ಟರ್ಷರಿ ಬ್ಯುಟೈಲ್ ಕ್ಲೋರೈಡ್ ಬರೀ ನೀರಿನಲ್ಲೂ ಉಳಿಯುವುದಿಲ್ಲ, ನೀರಿನಲ್ಲಿ ಕರಗಿದ ಅಂಶ ಒಂದೆರಡು ನಿಮಿಷದಲ್ಲೇ ಹೆಚ್ಚುಕಡಿಮೆ ಪೂರ್ತಿ ಒಡೆದು ಆಲ್ಕೊಹಾಲ್ ಆಗುತ್ತದೆ. ಕರಗುವುದು ತೀರಾ ಅಲ್ಪ ಎಂಬ ಕಾರಣಕ್ಕೆ ಮಾತ್ರ ನಮ್ಮ ಪದರ ಉಳಿದುಕೊಳ್ಳುತ್ತದೆ. ಆದ್ದರಿಂದ ತೊಳೆಯುವ ಕೆಲಸ ತಣ್ಣೀರಿನಲ್ಲಿ, ಬೇಗ ಆಗಬೇಕು. ಬೈಕಾರ್ಬೊನೇಟ್ ಹಾಕಿಟ್ಟು ಊಟಕ್ಕೆ ಹೋಗುವಂತಿಲ್ಲ.

ಹಾಗಾದರೆ ಬಿರಡೆ ಹಾರಿದ್ದೇಕೆ? ಒಂದು ಗ್ರಾಂ ಬೈಕಾರ್ಬೊನೇಟ್, ಅಂದರೆ ಅಡುಗೆ ಸೋಡಾ, ಆಮ್ಲದೊಂದಿಗೆ ಪೂರ್ತಿ ವರ್ತಿಸಿದರೆ ಸುಮಾರು 300 ಮಿ.ಲೀ. ಅನಿಲ ಬರುತ್ತದೆ. ನಿಮ್ಮ ಫನಲ್ 125 ಮಿ.ಲೀ.ನದು ಇರಬಹುದು, ಅದರಲ್ಲಿ ಅರ್ಧ ಜಾಗ ದ್ರವಕ್ಕೇ ಹೋಗಿರುತ್ತದೆ. ಬಿರಡೆ ಹಾಕಿ ಕುಲುಕಿದರೆ ಆ ಅನಿಲ ಎಲ್ಲಿ ಹೋಗಬೇಕು? ಬಹುಶಃ ಕೆಳಗಿನ ಆಮ್ಲದ ಪದರವನ್ನು ಪೂರ್ತಿ ಬಸಿಯದೆ, ಮಧ್ಯೆ ನೀರಿನಿಂದ ಒಮ್ಮೆ ತೊಳೆಯದೆ ನೇರವಾಗಿ ಬೈಕಾರ್ಬೊನೇಟ್ ಹಾಕಿದ್ದಾರೆ. ಅದರ ಮೇಲೆ ಏಪ್ರಿಲ್‌ನ ಬಿಸಿಯಲ್ಲಿ ಕ್ಲೋರೈಡ್‌ನ ಆವಿಯೇ ಒಳಗೆ ಸಾಕಷ್ಟು ಒತ್ತಡ ತಂದಿರುತ್ತದೆ. ಎರಡೂ ಸೇರಿದವು.

ಇದಕ್ಕೆ ನಾನು ಮಾಡಿಸುತ್ತಿದ್ದ ಕ್ರಮ ಹೀಗಿತ್ತು. ಆಮ್ಲವನ್ನು ಹೊಗೆಯನ್ನು ಹೊರಗೆಳೆಯುವ ಫ್ಯೂಮ್ ಹುಡ್‌ನಲ್ಲಿ, ಮಂಜುಗಡ್ಡೆಯ ತಟ್ಟೆಯಲ್ಲಿಟ್ಟು 10 ಡಿಗ್ರಿಯವರೆಗೆ ತಣಿಸುವುದು. ಆಲ್ಕೊಹಾಲನ್ನು ತಣಿಸಬಾರದು, ಗಟ್ಟಿಯಾಗುತ್ತದೆ. ಫನಲ್‌ನಲ್ಲಿ ಬೆರೆಸಿದ ಮೇಲೆ ಮೊದಲ ಒಂದೆರಡು ನಿಮಿಷ ಬಿರಡೆಯನ್ನೇ ಹಾಕದೆ ಮೆಲ್ಲಗೆ ತಿರುಗಿಸುವುದು. ಆಮೇಲೆ ಬಿರಡೆ ಹಾಕಿ, ಅಂಗೈಯಿಂದ ಒತ್ತಿ ಹಿಡಿದು, ತಲೆಕೆಳಗು ಮಾಡಿ, ಬಾಲ ಯಾರ ಮುಖಕ್ಕೂ ಇರದಂತೆ ಹುಡ್‌ನ ಗೋಡೆಯತ್ತ ತಿರುಗಿಸಿ ಕೂಡಲೇ ನಲ್ಲಿ ತೆರೆಯುವುದು. ಬುಸ್ಸೆನ್ನುವ ಸದ್ದು ಬರುತ್ತದೆ. ಆ ಸದ್ದು ನಿಲ್ಲುವವರೆಗೂ ಎರಡು ಸಲ ಕುಲುಕು, ಒಂದು ಸಲ ನಲ್ಲಿ. ಅವಸರಪಡುವ ಹುಡುಗರಿಗೆ ಇದನ್ನು ಹಾಡಿನ ತಾಳದಂತೆ ಎಣಿಸಿ ಹೇಳಿಕೊಡುತ್ತಿದ್ದೆ. ಸದ್ದು ನಿಂತ ಮೇಲೆ 15–20 ನಿಮಿಷ ಆಗಾಗ ಕುಲುಕಿದರೆ ಸಾಕು. ಕೆಳಗಿನ ಪದರ ಆಮ್ಲ, ಮೇಲಿನದು ಕ್ಲೋರೈಡ್. ಕ್ಲೋರೈಡ್‌ನ ಸಾಂದ್ರತೆ 0.84 ಮಾತ್ರ. ಅನುಮಾನವಿದ್ದರೆ ಮೇಲಿಂದ ಒಂದು ಹನಿ ನೀರು ಬಿಡಿ, ಅದು ಮೇಲಿನ ಪದರವನ್ನು ದಾಟಿ ಕೆಳಗಿಳಿಯುವುದು ಕಾಣುತ್ತದೆ. ಆಮ್ಲ ಬಸಿದು, ತಣ್ಣೀರಿನಿಂದ ಒಮ್ಮೆ ತೊಳೆದು, ಆಮೇಲೆ ಶೇ. 5ರ ಬೈಕಾರ್ಬೊನೇಟ್ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಸುರಿದು ನೊರೆ ಅಡಗುವವರೆಗೂ ಬಿರಡೆಯಿಲ್ಲದೆ ತಿರುಗಿಸಬೇಕು. ಕೊನೆಗೆ ಇನ್ನೊಮ್ಮೆ ತಣ್ಣೀರು. ಒಣಗಿಸಲು ನಿರ್ಜಲ ಕ್ಯಾಲ್ಸಿಯಂ ಕ್ಲೋರೈಡ್ ಒಳ್ಳೆಯದು, ಏಕೆಂದರೆ ಅದು ನೀರಿನ ಜೊತೆ ಉಳಿದ ಆಲ್ಕೊಹಾಲನ್ನೂ ಹಿಡಿದುಕೊಳ್ಳುತ್ತದೆ. ಫ್ಲಾಸ್ಕಿಗೆ ಬಿರಡೆ ಹಾಕಿ ಮಂಜುಗಡ್ಡೆಯಲ್ಲಿ ಕೂರಿಸಿ.

ಬಟ್ಟಿ ಇಳಿಸುವ ಹಂತದಲ್ಲಿ ನನಗೆ ಇಳುವರಿಗಿಂತ ಬೆಂಕಿಯದೇ ಹೆಚ್ಚು ಚಿಂತೆ. ಈ ದ್ರವದ ಆವಿ ಸೊನ್ನೆ ಡಿಗ್ರಿಗಿಂತ ಕೆಳಗೂ ಕಿಡಿ ತಾಗಿದರೆ ಹೊತ್ತಿಕೊಳ್ಳಬಲ್ಲದು, ಗಾಳಿಗಿಂತ ಭಾರವಾದ್ದರಿಂದ ಮೇಜಿನ ಮೇಲೆ ಹರಿದು ಹೋಗುತ್ತದೆ. ಮೂರು ಮೇಜಿನಾಚೆ ಯಾರೋ ಬರ್ನರ್ ಹಚ್ಚಿದ್ದರೂ ಅಪಾಯವೇ. ಆ ದಿನ ಇಡೀ ಲ್ಯಾಬಿನಲ್ಲಿ ಬರ್ನರ್ ಹಚ್ಚುವಂತಿಲ್ಲ ಎಂದು ಬೆಳಗ್ಗೆಯೇ ಹೇಳಿಬಿಡಿ. ನೀರನ್ನು ಪಕ್ಕದ ಕೋಣೆಯಲ್ಲಿ ಕಾಯಿಸಿ ತಂದು, 70 ಡಿಗ್ರಿಯ ನೀರಿನ ಪಾತ್ರೆಯಲ್ಲಿ ಫ್ಲಾಸ್ಕನ್ನು ಇಳಿಬಿಟ್ಟರೆ ಸಾಕು. ಕ್ಯಾಲ್ಸಿಯಂ ಕ್ಲೋರೈಡನ್ನು ಸೋಸಿ ತೆಗೆದ ನಂತರವೇ ಬಟ್ಟಿ ಇಳಿಸಬೇಕು. ಕುದಿಗಲ್ಲು ಹಾಕುವುದನ್ನು ಮರೆಯಬೇಡಿ. 49ರಿಂದ 52 ಡಿಗ್ರಿಯ ನಡುವೆ ಬರುವುದನ್ನು ಹಿಡಿದು, ಥರ್ಮಾಮೀಟರ್ ಅದಕ್ಕಿಂತ ಮೇಲೇರತೊಡಗಿದಾಗ ನಿಲ್ಲಿಸಿ. ಮೇಲೆ ಬರುವುದು ವರ್ತಿಸದ ಆಲ್ಕೊಹಾಲ್. ಫ್ಲಾಸ್ಕನ್ನು ಪೂರ್ತಿ ಒಣಗುವವರೆಗೆ ಕಾಯಿಸಬೇಡಿ.

ನಿಮ್ಮ ಏಪ್ರಿಲ್‌ನ ಕಥೆಯಲ್ಲಿ ನನ್ನ ಮೊದಲ ಅನುಮಾನ ಕಂಡೆನ್ಸರಿನ ನೀರಿನ ಮೇಲೆ. ತಾರಸಿಯ ಟ್ಯಾಂಕಿನಲ್ಲಿ ಬಿಸಿಲಿಗೆ ಕಾದ ನೀರು ನಲ್ಲಿಯಲ್ಲಿ 38–40 ಡಿಗ್ರಿಯಲ್ಲಿ ಬರುತ್ತದೆ. ಕೈಯಿಟ್ಟರೆ ಸ್ನಾನಕ್ಕೆ ಆಗುವಷ್ಟು ಬೆಚ್ಚಗಿರುತ್ತದೆ. 51ಕ್ಕೆ ಕುದಿಯುವ ಆವಿಯನ್ನು ಆ ನೀರು ಹೇಗೆ ಪೂರ್ತಿ ತಣಿಸೀತು? ನಿಮ್ಮ ಕಡೆ ಮನೆಮನೆಯಲ್ಲೂ ಇರುವ ಏರ್ ಕೂಲರ್‌ನ ಪುಟ್ಟ ಪಂಪ್ ಒಂದನ್ನು ತನ್ನಿ. ಬಕೆಟ್ ನೀರಿಗೆ ಮಂಜುಗಡ್ಡೆ ಹಾಕಿ, ಪಂಪನ್ನು ಅದರಲ್ಲಿ ಮುಳುಗಿಸಿ, ಅದೇ ನೀರು ಕಂಡೆನ್ಸರಿನಲ್ಲಿ ಸುತ್ತುವಂತೆ ಮಾಡಿ. ನೀರೂ ಉಳಿಯುತ್ತದೆ. ಆದರೆ ಬಕೆಟ್ ಮತ್ತು ವಿದ್ಯುತ್ ಸ್ವಿಚ್ ಎರಡೂ ಉದ್ದ ಕೊಳವೆಯ ತುದಿಯಲ್ಲಿ ದೂರವಿರಲಿ, ಕಂಡೆನ್ಸರಿನ ಅಡಿಯಲ್ಲೇ ಬೇಡ. ಭಾರವಾದ ಆವಿ ಇಳಿಯುವುದು ನೆಲಕ್ಕೇ. ಸಂಗ್ರಹಿಸುವ ಫ್ಲಾಸ್ಕ್ ಮಂಜುಗಡ್ಡೆಯಲ್ಲಿ ಕುಳಿತಿರಲಿ. ಇದಿಷ್ಟನ್ನು ಸರಿಪಡಿಸಿದರೆ ನಿಮ್ಮ ಬೇಸಿಗೆಯ ಇಳುವರಿ ಚಳಿಗಾಲದ್ದಕ್ಕೆ ಹತ್ತಿರ ಬರುತ್ತದೆ ಎಂದು ನನ್ನ ಅಂದಾಜು. ಆದರೂ ವೇಳಾಪಟ್ಟಿ ನಿಮ್ಮ ಕೈಯಲ್ಲಿದ್ದರೆ ಇದನ್ನು ನವೆಂಬರ್‌ನಿಂದ ಜನವರಿಯೊಳಗೆ ಮುಗಿಸಿ.

ಬೇರೆ ವಿಧಾನಗಳ ಬಗ್ಗೆ ಕೇಳಿದ್ದೀರಿ. ನಾರ್ಮಲ್ ಬ್ಯುಟೈಲ್ ಬ್ರೋಮೈಡ್ ಕುದಿಯುವುದು 101 ಡಿಗ್ರಿ ಸುಮಾರಿಗೆ, ಆದ್ದರಿಂದ ಬೇಸಿಗೆಯಲ್ಲಿ ಹಾರಿಹೋಗುವ ಭಯ ಕಡಿಮೆ. ಬದಲಿಗೆ ಬೇರೆ ಅಪಾಯಗಳನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಪ್ರೈಮರಿ ಆಲ್ಕೊಹಾಲ್ ತಾನಾಗಿ ಕಾರ್ಬೋಕ್ಯಾಟಯಾನ್ ಆಗುವುದಿಲ್ಲ. ಬ್ರೋಮೈಡ್ ಹಿಂದಿನಿಂದ ಬಂದು ನೀರನ್ನು ತಳ್ಳಬೇಕು, ಅದಕ್ಕೆ ಕಾಯಿಸಬೇಕು. ಸೋಡಿಯಂ ಬ್ರೋಮೈಡ್ ಮತ್ತು ಸಾಂದ್ರ ಸಲ್ಫ್ಯೂರಿಕ್ ಆಮ್ಲದೊಂದಿಗೆ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ರಿಫ್ಲಕ್ಸ್, ಅಂದರೆ ಆವಿ ತಣಿದು ಮತ್ತೆ ಫ್ಲಾಸ್ಕಿಗೇ ಮರಳುವಂತೆ ಕುದಿಸುವುದು. ಆಮ್ಲ ಹೆಚ್ಚು ಸಾಂದ್ರವಾಗಿದ್ದರೆ ಬ್ರೋಮೈಡ್ ಬ್ರೋಮಿನ್ ಆಗಿ ಫ್ಲಾಸ್ಕ್ ಕಿತ್ತಳೆ ಬಣ್ಣಕ್ಕೆ ತಿರುಗುತ್ತದೆ, ಸೋಡಿಯಂ ಬೈಸಲ್ಫೈಟ್‌ನಿಂದ ತೊಳೆದರೆ ಆ ಬಣ್ಣ ಹೋಗುತ್ತದೆ. ಹೊರಬರುವ ಹೈಡ್ರೋಜನ್ ಬ್ರೋಮೈಡನ್ನು ನೀರಿನಲ್ಲಿ ಹಿಡಿಯಬೇಕು. ಕೊಳವೆಯ ತುದಿಗೆ ಬೋರಲು ಹಾಕಿದ ಆಲಿಕೆ ನೀರಿನ ಮೇಲ್ಮೈಯ ತುಸು ಮೇಲಿರಲಿ, ಮುಳುಗಿದರೆ ಫ್ಲಾಸ್ಕ್ ತಣಿದಾಗ ನೀರು ಬಿಸಿ ಆಮ್ಲದೊಳಕ್ಕೆ ಎಳೆದುಕೊಳ್ಳುತ್ತದೆ.

ಇಲ್ಲಿ ಪದರಗಳ ವಿಷಯದಲ್ಲಿ ನಾನೇ ಎಂ.ಎಸ್ಸಿ. ದಿನಗಳಲ್ಲಿ ಪೆಟ್ಟು ತಿಂದಿದ್ದೇನೆ. ಬ್ಯುಟೈಲ್ ಬ್ರೋಮೈಡ್ ನೀರಿಗಿಂತ ಭಾರ, ಸಾಂದ್ರತೆ 1.27, ಹಾಗಾಗಿ ನೀರಿನಿಂದ ತೊಳೆಯುವಾಗ ಅದು ಕೆಳಗಿರುತ್ತದೆ. ಉಳಿದ ಬ್ಯುಟನಾಲ್ ಮತ್ತು ಡೈಬ್ಯುಟೈಲ್ ಈಥರ್ ತೆಗೆಯಲು ಸಾಂದ್ರ ಸಲ್ಫ್ಯೂರಿಕ್ ಆಮ್ಲದಿಂದ ತೊಳೆಯುವಾಗ ಅದೇ ಬ್ರೋಮೈಡ್ ಮೇಲೆ ಬರುತ್ತದೆ, ಏಕೆಂದರೆ ಆಮ್ಲದ ಸಾಂದ್ರತೆ 1.84. ಕೆಳಗಿನದೇ ನನ್ನದು ಎಂದು ಹಿಡಿದಿಟ್ಟುಕೊಂಡು, ಮೂರು ಗಂಟೆಯ ಶ್ರಮವನ್ನು ಮೇಲಿನ ಪದರದೊಂದಿಗೆ ಸಿಂಕಿಗೆ ಚೆಲ್ಲಿದ್ದೆ. ಅಂದಿನಿಂದ ಕೊನೆಯ ತೂಕ ಬರೆದುಕೊಳ್ಳುವವರೆಗೂ ಯಾವ ಪದರವನ್ನೂ ಎಸೆಯದಿರುವುದು ನನ್ನ ಲ್ಯಾಬಿನ ಕಾನೂನಾಯಿತು. ಲೇಬಲ್ ಬರೆದ ಬೀಕರುಗಳು ಮೇಜಿನ ತುಂಬ ನಿಂತರೂ ಚಿಂತೆಯಿಲ್ಲ.

ಥಯೊನೈಲ್ ಕ್ಲೋರೈಡ್ ಬೇಡ. ಸಲ್ಫರ್ ಡೈಆಕ್ಸೈಡ್ ಮತ್ತು ಹೈಡ್ರೋಜನ್ ಕ್ಲೋರೈಡ್ ಅನಿಲಗಳಾಗಿ ಹೋಗುವುದರಿಂದ ಉತ್ಪನ್ನ ಶುದ್ಧವಾಗಿರುತ್ತದೆ ಎಂಬ ಪಠ್ಯಪುಸ್ತಕದ ಮಾತು ಸರಿ. ಆದರೆ ಆ ಎರಡು ಅನಿಲಗಳೂ ನಿಮ್ಮ ಮೂವತ್ತು ವಿದ್ಯಾರ್ಥಿಗಳು ಉಸಿರಾಡುವ ಗಾಳಿಗೇ ಹೋಗುತ್ತವೆ. ನೀರು ತಾಗಿದರೆ ಆ ದ್ರವ ಭೋರ್ಗರೆಯುತ್ತದೆ. ಚೆನ್ನಾಗಿ ನಡೆಯುವ ಹುಡ್, ಒಣ ಗಾಜು, ಒಬ್ಬಿಬ್ಬರು ಅನುಭವಿ ಕೈಗಳು ಇರುವ ಸಂಶೋಧನಾ ಲ್ಯಾಬಿಗೆ ಮಾತ್ರ ಅದು ಸರಿ.

ಪ್ರಾಂಶುಪಾಲರಿಗೆ ನೀವು ಹೇಳಬಹುದಾದದ್ದು: ಅಳತೆಯನ್ನು 10 ಗ್ರಾಂನಿಂದ 5ಕ್ಕೆ ಇಳಿಸುತ್ತೇವೆ, ಇಬ್ಬರಿಗೊಂದು ಫನಲ್ ಕೊಡುತ್ತೇವೆ, ಬರ್ನರ್ ಇಲ್ಲ, ತೊಳೆಯುವುದೆಲ್ಲ ಹುಡ್‌ನಲ್ಲಿ, ಹ್ಯಾಲೋಜನ್ ಇರುವ ತ್ಯಾಜ್ಯಕ್ಕೆ ಪ್ರತ್ಯೇಕ ಬಾಟಲಿ. ಕೈಬಿಟ್ಟರೆ ಆಗುವ ನಷ್ಟವನ್ನೂ ಹೇಳಿ. ಕಪ್ಪುಹಲಗೆಯ ಮೇಲೆ ಬಾಣದ ಗುರುತುಗಳಾಗಿ ಮಾತ್ರ ಕಂಡಿದ್ದ ಕಾರ್ಬೋಕ್ಯಾಟಯಾನ್, ಎರಡು ನಿಮಿಷದಲ್ಲಿ ಗಂಜಿಯಾಗುವ ಫನಲ್‌ನಲ್ಲಿ ವಿದ್ಯಾರ್ಥಿಗೆ ನಿಜವೆನಿಸುತ್ತದೆ. ಇದಕ್ಕೆ ಬದಲಿಯಾಗಿ ಕೊಡಬಹುದಾದ ಅಷ್ಟು ಅಗ್ಗದ, ಅಷ್ಟು ಬೇಗ ಮುಗಿಯುವ ಪ್ರಯೋಗ ನನಗೆ ಗೊತ್ತಿಲ್ಲ.

ಕೊನೆಗೆ ಸಿಕ್ಕಿದ್ದು ಕ್ಲೋರೈಡೇ ಹೌದೇ ಎಂದು ನೋಡಲು ಎಥನಾಲ್‌ನಲ್ಲಿ ಕರಗಿಸಿದ ಸಿಲ್ವರ್ ನೈಟ್ರೇಟ್‌ಗೆ ಎರಡು ಹನಿ ಹಾಕಿ, ಬಿಳಿ ಮೊಸರಿನಂಥ ಒತ್ತರ (ದ್ರಾವಣದಿಂದ ಬೇರ್ಪಡುವ ಘನ) ಕೂಡಲೇ ಬರುತ್ತದೆ. ಸರಿಯಾಗಿ ತೊಳೆಯದೆ ಉಳಿದ ಹೈಡ್ರೋಕ್ಲೋರಿಕ್ ಆಮ್ಲವೂ ಇದೇ ಒತ್ತರ ಕೊಡುತ್ತದೆ, ಆದ್ದರಿಂದ ಕೊನೆಯ ತೊಳೆನೀರು ಲಿಟ್ಮಸ್‌ಗೆ ತಟಸ್ಥವಾಗಿತ್ತೇ ಎಂದು ಮೊದಲು ಕೇಳಿ. ಉಳಿದ ಕ್ಲೋರೈಡನ್ನು ಮನೆಬಳಕೆಯ ಫ್ರಿಜ್‌ನಲ್ಲಿ ಇಡಬೇಡಿ, ಒಳಗಿನ ಸ್ವಿಚ್‌ನ ಕಿಡಿ ಸಾಕು ಅನಾಹುತಕ್ಕೆ. ಬಿಗಿ ಬಿರಡೆಯ ಬಾಟಲಿಯಲ್ಲಿ ಹಾಕಿ, ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು, ಮರುದಿನವೇ ಅಸಿಟೋನ್ ಮತ್ತು ನೀರಿನ ಮಿಶ್ರಣದಲ್ಲಿ ಅದು ಎಷ್ಟು ವೇಗವಾಗಿ ಒಡೆಯುತ್ತದೆ ಎಂದು ಅಳೆಯುವ ಪ್ರಯೋಗಕ್ಕೆ ಬಳಸಿ. ತಾವೇ ತಯಾರಿಸಿದ ವಸ್ತುವಿನ ಮೇಲೆ ಅಳತೆ ಮಾಡುವಾಗ ವಿದ್ಯಾರ್ಥಿಗಳು ಗಡಿಯಾರವನ್ನು ಬೇರೆಯೇ ಆಸಕ್ತಿಯಿಂದ ನೋಡುತ್ತಾರೆ.